ಹದಿಹರೆಯದ ಖಿನ್ನತೆ: ಯಾವ ಬಾಗಿಲು ತಟ್ಟಬೇಕು?

ಜೂನ್ ತಿಂಗಳು, ಬೆಳಗಿನ ಆರು ಗಂಟೆ. ಕೊಚ್ಚಿಯ ಕಲೂರು ಬಸ್ ನಿಲ್ದಾಣದ ಸುತ್ತ ಮಳೆ ಬಿಡುವಂತೆ ಕಾಣುತ್ತಿಲ್ಲ. ಬೆನ್ನಿಗೆ ಚೀಲ ಏರಿಸಿ, ಕೊಡೆ ಹಿಡಿದ ಪ್ಲಸ್ ಟು ಮಕ್ಕಳು ಟ್ಯೂಷನ್ನಿಗೆ, ಎಂಟ್ರೆನ್ಸ್ ಕೋಚಿಂಗಿಗೆ ಓಡುತ್ತಿದ್ದಾರೆ. ಆಮೇಲೆ ಶಾಲೆ, ಸಂಜೆ ಮತ್ತೆ ಟ್ಯೂಷನ್, ರಾತ್ರಿ ಊಟವಾದ ಮೇಲೆ ಟೆಸ್ಟ್ ಪೇಪರ್. ಇದೇ ಊರಿನ ಯಾವುದೋ ಫ್ಲ್ಯಾಟಿನಲ್ಲಿ ಅದೇ ವಯಸ್ಸಿನ ಮಗುವೊಂದು ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ನಿನ್ನೆಯೂ ಎದ್ದಿರಲಿಲ್ಲ. ಅಮ್ಮ ಕರೆದಿದ್ದಾಳೆ, ಬೈದಿದ್ದಾಳೆ, ಕಡೆಗೆ ಮೊಬೈಲ್ ಕಿತ್ತುಕೊಂಡಿದ್ದಾಳೆ. ದುಬೈಯಲ್ಲಿರುವ ಅಪ್ಪನಿಗೆ ದೂರು ಹೋಗಿದೆ. ಅಜ್ಜಿ ದೃಷ್ಟಿ ತೆಗೆದು ಒಲೆಗೆ ಮೆಣಸಿನಕಾಯಿ ಹಾಕಿದ್ದಾಳೆ. ಎಲ್ಲರೂ ಏನೋ ಒಂದು ಮಾಡಿದ್ದಾರೆ. ಏನಾಗುತ್ತಿದೆ ಎಂದು ಮಗುವನ್ನು ಕೂರಿಸಿಕೊಂಡು ಕೇಳಿದವರು ಮಾತ್ರ ಯಾರೂ ಇಲ್ಲ.

ಊರಿನ ಹೆಸರು ಬದಲಿಸಿದರೆ ಇದು ಮಂಗಳೂರಿನ, ದಾವಣಗೆರೆಯ, ಕಲಬುರಗಿಯ ಮನೆಯೂ ಹೌದು. ಹಾಗಿದ್ದೂ ಕೇರಳವನ್ನೇ ನೋಡುವುದಕ್ಕೆ ಕಾರಣವಿದೆ. ಆಸ್ಪತ್ರೆ, ಶಾಲೆ, ಸಾಕ್ಷರತೆ ಎಲ್ಲದರಲ್ಲೂ ಮುಂದಿರುವ ಆ ರಾಜ್ಯದಲ್ಲಿ 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ ಆತ್ಮಹತ್ಯೆಯ ಪ್ರಮಾಣ ಲಕ್ಷಕ್ಕೆ 28.5. ದೇಶದ ಸರಾಸರಿ 12.4. ಈ ಅಂಕಿ ಎಲ್ಲ ವಯಸ್ಸಿನವರದು, ಮಕ್ಕಳದಷ್ಟೇ ಅಲ್ಲ. ಆದರೆ ಈ ಅಂಕಿಯ ಮುಂದೆ ನಿಂತೇ ಕೇರಳ ಕಳೆದ ಎರಡು ದಶಕಗಳಲ್ಲಿ ಹದಿಹರೆಯದವರಿಗಾಗಿ ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತ ಬಂದಿದೆ. ಬಾಗಿಲುಗಳು ಈಗ ಸಾಕಷ್ಟಿವೆ. ಕಷ್ಟ ಇರುವುದು ಮನೆಯಿಂದ ಮೊದಲ ಬಾಗಿಲಿನವರೆಗಿನ ದಾರಿಯಲ್ಲಿ.

ಬೇಜಾರು ಎಲ್ಲಿ ಮುಗಿಯುತ್ತದೆ

ಹದಿನಾಲ್ಕು, ಹದಿನೈದರ ಮಕ್ಕಳು ಮುಖ ಊದಿಸಿಕೊಳ್ಳುವುದು ಹೊಸದಲ್ಲ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು, ಗೆಳತಿ ಮಾತು ಬಿಟ್ಟಳು, ಕ್ರಿಕೆಟ್ ತಂಡದಲ್ಲಿ ಸೇರಿಸಿಕೊಳ್ಳಲಿಲ್ಲ ಎಂದು ನಾಲ್ಕು ದಿನ ಸಪ್ಪಗಿರುವುದಕ್ಕೆ ಯಾವ ವೈದ್ಯರೂ ಬೇಡ. ವೈದ್ಯರು ನೋಡುವುದು ಬೇರೆಯದನ್ನು. ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚು ಕಡಿಮೆ ದಿನವಿಡೀ ಅದೇ ಮಂಕು. ಮೊದಲು ಇಷ್ಟವಿದ್ದ ಚೆಂಡಾಟ, ಹಾಡು, ಹರಟೆ ಯಾವುದೂ ಬೇಡವಾಗುವುದು. ನಿದ್ದೆ ಕೆಡುವುದು ಅಥವಾ ಹಗಲೆಲ್ಲ ಮಲಗುವುದು. ಊಟ ಸೇರದಿರುವುದು, ಇಲ್ಲವೇ ಮಿತಿ ಮೀರಿ ತಿನ್ನುವುದು. ಪುಸ್ತಕ ತೆರೆದರೆ ಒಂದು ಪುಟವೂ ತಲೆಗೆ ಹೋಗದಿರುವುದು. ‘ನಾನು ಯಾವುದಕ್ಕೂ ಬಾರದವನು’ ಎಂಬ ಮಾತು ಪದೇ ಪದೇ ಬರುವುದು. ಇವೆಲ್ಲ ಕೂಡಿ ಶಾಲೆ, ಸ್ನೇಹ, ಮನೆ ಎಂಬ ಮೂರು ಕಡೆಯೂ ಮಗು ಕುಸಿಯುತ್ತಿದ್ದರೆ ಅದು ಬೇಜಾರಲ್ಲ, ಕಾಯಿಲೆ.

ದೊಡ್ಡವರು ಇಲ್ಲಿ ಎಡವುವುದಕ್ಕೆ ಒಂದು ಮುಖ್ಯ ಕಾರಣವಿದೆ. ಖಿನ್ನತೆ ಎಂದರೆ ಅಳುತ್ತ ಕೂರುವುದು ಎಂದು ನಾವು ತಿಳಿದಿದ್ದೇವೆ. ಹದಿಹರೆಯದಲ್ಲಿ ಅದು ಎಷ್ಟೋ ಸಲ ಸಿಡುಕಾಗಿ ಬರುತ್ತದೆ. ಬಾಗಿಲು ದಢಾರನೆ ಹಾಕುವುದು, ತಮ್ಮನ ಮೇಲೆ ಕೈ ಮಾಡುವುದು, ಟೀಚರಿಗೆ ಎದುರು ಮಾತಾಡುವುದು. ಇನ್ನು ಕೆಲವರಿಗೆ ಅದು ಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಸೋಮವಾರ ಬೆಳಿಗ್ಗೆ ತಪ್ಪದೆ ಬರುವ ಹೊಟ್ಟೆನೋವು, ಕಾರಣ ಸಿಗದ ತಲೆನೋವು, ಸ್ಕ್ಯಾನಿಂಗಿನಲ್ಲಿ ಏನೂ ಇಲ್ಲ ಎಂಬ ವರದಿ. ಹುಡುಗ ಹಟಮಾರಿ, ಹುಡುಗಿ ಸೋಂಬೇರಿ ಎಂಬ ತೀರ್ಪು ಅಷ್ಟರಲ್ಲಿ ಮನೆಯಲ್ಲಿ ಆಗಿಹೋಗಿರುತ್ತದೆ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕೇರಳವೂ ಸೇರಿ 12 ರಾಜ್ಯಗಳಿದ್ದವು. 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಅದರಲ್ಲಿ ಕಂಡುಬಂತು. ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಸುಮಾರು ಮೂವರು. ಅವರೆಲ್ಲರಿಗೂ ಖಿನ್ನತೆಯೇ ಎಂದಲ್ಲ, ಆದರೆ ಆತಂಕ ಮತ್ತು ಖಿನ್ನತೆ ಆ ಪಟ್ಟಿಯ ದೊಡ್ಡ ಪಾಲು.

ಬಳ್ಳಾರಿಯಿಂದ ತಿರುವನಂತಪುರಕ್ಕೆ

ಮಾನಸಿಕ ಚಿಕಿತ್ಸೆ ಎಂದರೆ ದೊಡ್ಡ ಗೋಡೆಯ ಹಿಂದಿನ ಆಸ್ಪತ್ರೆ ಎಂಬ ಕಲ್ಪನೆ ಒಡೆದದ್ದು ಕರ್ನಾಟಕದಲ್ಲಿ. 1970ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಹಳ್ಳಿಯ ಜನರ ನಡುವೆ ಒಂದು ಕೇಂದ್ರ ಆರಂಭಿಸಿದರು. 1980ರ ದಶಕದಲ್ಲಿ ಅದೇ ಪ್ರಯೋಗವನ್ನು ಇಡೀ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಅವರೇ ಮಾನಸಿಕ ಕಾಯಿಲೆ ಗುರುತಿಸಿ ಔಷಧಿ ಕೊಡಬಲ್ಲರು ಎಂದು ಬಳ್ಳಾರಿ ತೋರಿಸಿಕೊಟ್ಟಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಕೇರಳದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುವನಂತಪುರ ಜಿಲ್ಲೆಗೆ.

ನಮ್ಮಲ್ಲಿ ಹುಟ್ಟಿದ ಮಾದರಿಯನ್ನು ಕೇರಳ ಮುಂದೆ ಬೆಳೆಸಿದ ಬಗೆ ಗಮನಿಸಬೇಕಾದದ್ದು. 2017ರಲ್ಲಿ ‘ಆರ್ದ್ರಂ’ ಯೋಜನೆಯಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬ ಆರೋಗ್ಯ ಕೇಂದ್ರಗಳಾಗತೊಡಗಿದಾಗ, ಜೊತೆಗೇ ‘ಆಶ್ವಾಸಂ’ ಎಂಬ ಖಿನ್ನತೆ ಕ್ಲಿನಿಕ್ಕೂ ಬಂತು. ಇದರಲ್ಲಿ ಮೊದಲು ಮಾತಾಡಿಸುವವರು ನರ್ಸ್. ‘ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯೇ, ನಿದ್ದೆ ಬರುತ್ತಿದೆಯೇ, ಸುಸ್ತೇ?’ ಎಂಬಂಥ ಒಂಬತ್ತು ಪ್ರಶ್ನೆ. ಪ್ರತಿ ಉತ್ತರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 27. ಅಂಕ ಹೆಚ್ಚಿದ್ದರೆ ಅಲ್ಲೇ ಇರುವ ವೈದ್ಯರು ನೋಡುತ್ತಾರೆ, ಅವರ ಕೈಮೀರಿದ್ದನ್ನು ಜಿಲ್ಲಾ ತಂಡದ ಮನೋವೈದ್ಯರಿಗೆ ಕಳಿಸುತ್ತಾರೆ. ಇದೇ ಪ್ರಶ್ನಾವಳಿಯನ್ನು ಹದಿಹರೆಯದವರಿಗೆ ಹೊಂದುವಂತೆ ಬದಲಿಸಿದ ರೂಪವೂ ಇದೆ. ಪ್ರಶ್ನಾವಳಿ ಕಾಯಿಲೆ ತೀರ್ಮಾನಿಸುವುದಿಲ್ಲ. ಮಾತು ಶುರುವಾಗಲು ಒಂದು ನೆಪ ಕೊಡುತ್ತದೆ, ಅಷ್ಟೇ. ಆ ನೆಪಕ್ಕೆ ಬೆಲೆ ಕಟ್ಟಲಾಗದು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದು ‘ಮನೋಚೈತನ್ಯ’. ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡು. ಹದಿಹರೆಯದವರಿಗೆಂದೇ ‘ಸ್ನೇಹ ಕ್ಲಿನಿಕ್’ ಎಂಬುದೂ ಸರ್ಕಾರಿ ಆಸ್ಪತ್ರೆಗಳಲ್ಲಿದೆ. ಓದುಗರಲ್ಲಿ ಎಷ್ಟು ಜನ ಆ ಬೋರ್ಡು ನೋಡಿದ್ದೀರೋ, ನೋಡಿ ಒಳಗೆ ಹೋಗಿದ್ದೀರೋ!

ಊಳಂಪಾರದ ಭಯ

ತಿರುವನಂತಪುರದ ಊಳಂಪಾರದಲ್ಲಿ ತಿರುವಾಂಕೂರು ಅರಸರ ಕಾಲದ ಮಾನಸಿಕ ಆಸ್ಪತ್ರೆ ಇದೆ. ಕೋಯಿಕ್ಕೋಡಿನ ಕುದಿರವಟ್ಟಂನಲ್ಲಿ ಇನ್ನೊಂದು. ಅಲ್ಲಿ ಜಗಳದಲ್ಲಿ ಯಾರನ್ನಾದರೂ ಹೀಯಾಳಿಸಬೇಕಾದರೆ ಈ ಊರುಗಳ ಹೆಸರು ಹೇಳಿದರೆ ಸಾಕು. ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕ ಕಳಸ್ಬೇಕು ನಿನ್ನ’ ಅನ್ನುತ್ತಾರಲ್ಲ, ಹಾಗೆ. ಹದಿನಾರರ ಹುಡುಗಿಗೆ ‘ಡಾಕ್ಟರ ಹತ್ತಿರ ಹೋಗೋಣ’ ಎಂದಾಗ ಅವಳ ಕಿವಿಗೆ ಬೀಳುವುದು ಈ ಬೈಗುಳ. ಅಪ್ಪ ಅಮ್ಮಂದಿರ ಕಿವಿಗೆ ಬೀಳುವುದು ಮುಂದೊಂದು ದಿನದ ಮದುವೆ ಮಾತುಕತೆ.

ಸಿನಿಮಾದ ಪಾಲೂ ಇದರಲ್ಲಿದೆ. 1993ರ ‘ಮಣಿಚಿತ್ರತ್ತಾಳ್’ ಮಲಯಾಳಿಗಳಿಗೆ ಮನೋವೈದ್ಯನೊಬ್ಬನನ್ನು ಮನೆಮಾತಾಗಿಸಿತು. ಅದೇ ಕಥೆ 2004ರಲ್ಲಿ ‘ಆಪ್ತಮಿತ್ರ’ವಾಗಿ ನಮ್ಮನ್ನೂ ಆಳಿತು. ಮಂತ್ರವಾದಿಯ ಜೊತೆ ಕೂಡಿ ನಾಟಕ ಹೂಡುವ ಡಾಕ್ಟರನ್ನು ನೋಡಿ ಬೆಳೆದ ನಮಗೆ ನಿಜವಾದ ಮನೋವೈದ್ಯರ ಕೋಣೆ ನಿರಾಸೆ ತರಬಹುದು. ಅಲ್ಲಿ ಇರುವುದು ಒಂದು ಮೇಜು, ಎರಡು ಮೂರು ಕುರ್ಚಿ, ಬಹಳ ಪ್ರಶ್ನೆಗಳು. ಗೆಜ್ಜೆ ಸದ್ದು ಇಲ್ಲ.

ಕೊಚ್ಚಿಯಿಂದ ಸ್ವಲ್ಪ ದೂರದ ಚೋಟ್ಟಾನಿಕ್ಕರ ಭಗವತಿ ಸನ್ನಿಧಿಗೆ, ತಿರುವನಂತಪುರದ ಬೀಮಾಪಳ್ಳಿಗೆ ಮನಸ್ಸು ಕದಡಿದವರನ್ನು ಕರೆತರುವ ವಾಡಿಕೆ ಹಳೆಯದು. ನಮ್ಮ ಗಾಣಗಾಪುರದಂತೆಯೇ. ಇದನ್ನು ಮೂಢನಂಬಿಕೆ ಎಂದು ಜರಿಯುವುದರಿಂದ ಚಿಕಿತ್ಸೆ ಒಂದು ದಿನವೂ ಬೇಗ ಶುರುವಾಗುವುದಿಲ್ಲ. ಹರಕೆ ಹೊತ್ತ ಅಜ್ಜಿಯೇ ಮೊಮ್ಮಗನನ್ನು ಆಸ್ಪತ್ರೆಗೂ ಕರೆದೊಯ್ಯಬಲ್ಲಳು. ಪೂಜೆ ಮಾಡಿಸಿ, ಮಾತ್ರೆ ನಿಲ್ಲಿಸಬೇಡಿ ಎಂದಷ್ಟೇ ಹೇಳಿದರೆ ಸಾಕು. ತೊಂದರೆ ಆಗುವುದು ದೇವಸ್ಥಾನದಿಂದಲ್ಲ, ಒಂದರ ಹಿಂದೊಂದು ಕ್ಷೇತ್ರ ಸುತ್ತುತ್ತ ಕಳೆದುಹೋಗುವ ತಿಂಗಳುಗಳಿಂದ.

ಶಾಲೆಯೊಳಗಿನ ಒಂದು ಕೋಣೆ

ಮಗು ದಿನದ ಹೆಚ್ಚು ಹೊತ್ತು ಕಳೆಯುವುದು ಶಾಲೆಯಲ್ಲಿ. ಹಾಗಾಗಿ ಅತಿ ಹತ್ತಿರದ ಬಾಗಿಲು ಅಲ್ಲೇ ಇರಬೇಕು. ಕೇರಳದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಆಪ್ತಸಮಾಲೋಚಕರನ್ನು ಇರಿಸಿದೆ. ಮನಶ್ಶಾಸ್ತ್ರ ಇಲ್ಲವೇ ಸಮಾಜಕಾರ್ಯ ಓದಿದವರು, ಬಹುಪಾಲು ಹೆಣ್ಣುಮಕ್ಕಳು. ಹೈಯರ್ ಸೆಕೆಂಡರಿಯಲ್ಲಿ ‘ಸೌಹೃದ’ ಕ್ಲಬ್‌ಗಳಿವೆ. ಒಬ್ಬ ಅಧ್ಯಾಪಕರಿಗೆ ತರಬೇತಿ ಕೊಟ್ಟು, ಹದಿಹರೆಯದ ವಿಷಯಗಳನ್ನು ಮಕ್ಕಳ ಜೊತೆ ಮಾತಾಡುವ ಹೊಣೆ ವಹಿಸುತ್ತಾರೆ.

ಕಾಗದದ ಮೇಲೆ ಇದು ಚೆನ್ನ. ಆದರೆ ಸಮಾಲೋಚಕರ ಕೆಲಸ ಗುತ್ತಿಗೆಯದು. ಕೋಣೆ ಎಲ್ಲಿದೆ ಎನ್ನುವುದೂ ಸಣ್ಣ ಸಂಗತಿಯಲ್ಲ. ಸ್ಟಾಫ್ ರೂಮಿನ ಮೂಲೆಯಲ್ಲಿ ಪರದೆ ಎಳೆದು ಕೂರಿಸಿದರೆ ಯಾವ ಮಗು ಬಾಯಿ ಬಿಟ್ಟೀತು? ಸಮಾಲೋಚಕಿಯ ಬಳಿ ಹೋದವಳನ್ನು ತರಗತಿಯವರೆಲ್ಲ ತಿರುಗಿ ನೋಡುವ ಶಾಲೆಯಲ್ಲಿ ಆ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ. ಕೆಲವು ಶಾಲೆಗಳು ಎಲ್ಲ ಮಕ್ಕಳೂ ಸರದಿಯಂತೆ ಒಮ್ಮೆಯಾದರೂ ಹೋಗಿ ಮಾತಾಡಿ ಬರಬೇಕು ಎಂದು ಮಾಡಿಕೊಂಡರೆ ಈ ಮುಜುಗರ ತಾನಾಗಿ ಕರಗುತ್ತದೆ. ಅದಕ್ಕೆ ಹಣ ಬೇಕಿಲ್ಲ, ಹೆಡ್‌ಮಾಸ್ಟರರ ಮನಸ್ಸು ಬೇಕು.

ಶಾಲೆಯ ಮೇಲೇ ಎಲ್ಲ ಭಾರ ಹಾಕುವುದರಲ್ಲಿ ಇನ್ನೊಂದು ಕುಂದಿದೆ. ತಿರುವನಂತಪುರ ಮೆಡಿಕಲ್ ಕಾಲೇಜಿನ ಆವರಣದಲ್ಲಿ 1987ರಲ್ಲಿ ಆರಂಭವಾದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್ ಹದಿಹರೆಯದವರ ಆರೋಗ್ಯಕ್ಕೆ ದೇಶದಲ್ಲೇ ಹೆಸರಾದ ಸಂಸ್ಥೆ. ಅದನ್ನು ಕಟ್ಟಿದ ಮಕ್ಕಳ ತಜ್ಞ ಡಾ. ಎಂ.ಕೆ.ಸಿ. ನಾಯರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಶಾಲೆಗೆ ಹೋಗುವವರು, ಕಾಲೇಜಿಗೆ ಹೋಗುವವರು, ಶಾಲೆ ಬಿಟ್ಟವರು ಎಂದು ಮೂರು ಗುಂಪುಗಳಲ್ಲಿ ಖಿನ್ನತೆಯನ್ನು ಅಳೆಯಿತು. ತೀವ್ರ ಖಿನ್ನತೆ ಶಾಲೆಯ ಮಕ್ಕಳಲ್ಲಿ ಶೇ 3ರಷ್ಟಿದ್ದರೆ, ಶಾಲೆ ಬಿಟ್ಟವರಲ್ಲಿ ಶೇ 11.2. ಅಂದರೆ ನೆರವು ಯಾರಿಗೆ ಹೆಚ್ಚು ಬೇಕೋ ಅವರು ಹಾಜರಿ ಪುಸ್ತಕದಲ್ಲೇ ಇಲ್ಲ. ಸೌಹೃದ ಕ್ಲಬ್ಬಿನ ಸದಸ್ಯತ್ವ ಅವರಿಗೆಲ್ಲಿಂದ? ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಫೇಲಾಗಿ ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುವ ಮಕ್ಕಳ ವಿಷಯದಲ್ಲೂ ಇದನ್ನೇ ಕೇಳಬೇಕು.

ಶಾಲೆಗಳೇ ಮುಚ್ಚಿದ 2020ರಲ್ಲಿ ಈ ಪ್ರಶ್ನೆ ಇಡೀ ರಾಜ್ಯದ ಮುಂದೆ ಬಂತು. ಲಾಕ್‌ಡೌನ್ ಶುರುವಾದ ಮಾರ್ಚ್ ಕೊನೆಯಿಂದ ಜುಲೈ ಹೊತ್ತಿಗೆ 18ಕ್ಕಿಂತ ಕಡಿಮೆ ವಯಸ್ಸಿನ 66 ಮಕ್ಕಳು ಜೀವ ಕಳೆದುಕೊಂಡಿದ್ದಾರೆ ಎಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರೇ ಹೇಳಬೇಕಾಯಿತು. ಅದೇ ತಿಂಗಳು ಕೇರಳ ಪೊಲೀಸರು ‘ಚಿರಿ’ ಎಂಬ ಫೋನ್ ಸೇವೆ ಆರಂಭಿಸಿದರು. ಆರೋಗ್ಯ ಇಲಾಖೆಯ ‘ಒಟ್ಟಕ್ಕಲ್ಲ ಒಪ್ಪಮುಂಡ್’ ಕಾರ್ಯಕ್ರಮದಲ್ಲಿ ಸಮಾಲೋಚಕರು ತಾವಾಗಿ ಮನೆಗಳಿಗೆ ಕರೆ ಮಾಡಿದರು. ಮಗು ಫೋನ್ ಮಾಡಲಿ ಎಂದು ಕಾಯುವುದಕ್ಕಿಂತ ಇದು ಒಳ್ಳೆಯ ದಾರಿ. ಖಿನ್ನತೆಯ ಗುಣವೇ ಹಾಗೆ, ನೆರವು ಕೇಳುವ ಶಕ್ತಿಯನ್ನೇ ಅದು ಮೊದಲು ಕಸಿಯುತ್ತದೆ.

ಕೋಚಿಂಗ್ ಕೇಂದ್ರಗಳ ಮಾತು ಬೇರೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ನೇಮಿಸಬೇಕು. ಕೋಚಿಂಗ್ ಕೇಂದ್ರಗಳಿಗೂ ಇದು ಅನ್ವಯ. ಫೀಸು ಕಟ್ಟುವ ದಿನ ಇಂಥವರು ನಿಮ್ಮಲ್ಲಿ ಯಾರಿದ್ದಾರೆ ಎಂದು ಕೇಳುವ ಹಕ್ಕು ಪೋಷಕರಿಗಿದೆ.

ಆಸ್ಪತ್ರೆಯಲ್ಲಿ ಏನಾಗುತ್ತದೆ

ಮನೋವೈದ್ಯರು ಎಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮೇಲಿನ ಓದು ಓದಿದವರು. ಔಷಧಿ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮನಶ್ಶಾಸ್ತ್ರದಲ್ಲಿ ಆಸ್ಪತ್ರೆಯ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು. ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಅವರದು. ಸಮಾಲೋಚಕ ಎಂಬ ಬೋರ್ಡು ಮಾತ್ರ ಯಾರು ಬೇಕಾದರೂ ಹಾಕಿಕೊಳ್ಳುವಂತಾಗಿದೆ. ಆರು ವಾರದ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟು ತೂಗುಹಾಕಿದವರ ಬಳಿ ಮಗುವನ್ನು ಒಯ್ಯುವ ಮೊದಲು ಓದು ಏನು, ನೋಂದಣಿ ಎಲ್ಲಿ ಎಂದು ಕೇಳಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ.

ತಿರುವನಂತಪುರ ಮೆಡಿಕಲ್ ಕಾಲೇಜು, ಎರ್ನಾಕುಳಂ ಜನರಲ್ ಆಸ್ಪತ್ರೆಯಂಥ ಕಡೆ ಒಪಿ ಚೀಟಿ ಮಾಡಿಸಿ ಕುಳಿತರೆ ಸರದಿ ಬರುತ್ತದೆ. ಮೊದಲ ಭೇಟಿಯಲ್ಲಿ ವೈದ್ಯರು ಹೆತ್ತವರನ್ನೂ ಮಗುವನ್ನೂ ಒಟ್ಟಿಗೆ ಕೂರಿಸಿ ಮಾತಾಡುತ್ತಾರೆ, ಆಮೇಲೆ ಮಗುವಿನೊಂದಿಗೆ ಮಾತ್ರ. ಅಪ್ಪ ಅಮ್ಮ ಈ ಹೊತ್ತಿನಲ್ಲಿ ಹೊರಗೆ ಕಾಯಬೇಕು, ಮುನಿಸಿಕೊಳ್ಳಬಾರದು. ಥೈರಾಯ್ಡ್, ರಕ್ತಹೀನತೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬಹುದು, ಏಕೆಂದರೆ ಅವೂ ಇಂಥದೇ ಸುಸ್ತು ತರುತ್ತವೆ. ಮಾದಕ ವಸ್ತು, ಕಿರುಕುಳ, ಮನೆಯೊಳಗಿನ ಜಗಳ, ಹಿಂದೆ ಅತಿ ಉತ್ಸಾಹದ ದಿನಗಳಿದ್ದವೇ, ಕುಟುಂಬದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ ಎಂದು ವಿಚಾರಿಸುತ್ತಾರೆ. ‘ಸಾಯಬೇಕು ಅನ್ನಿಸಿದೆಯಾ?’ ಎಂದೂ ನೇರವಾಗಿ ಕೇಳುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂದು ಹೆತ್ತವರು ಹೆದರುತ್ತಾರೆ. ಹಾಗಾಗುವುದಿಲ್ಲ. ಯಾರಾದರೂ ಕೇಳಲಿ ಎಂದು ಎಷ್ಟೋ ಮಕ್ಕಳು ಕಾಯುತ್ತಿರುತ್ತಾರೆ.

ಮಾತು ಮತ್ತು ಮಾತ್ರೆ

ಸೌಮ್ಯ ಖಿನ್ನತೆಗೆ ಮೊದಲು ಮಾತಿನ ಚಿಕಿತ್ಸೆ. ಇದರಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದ ವಿಧಾನಕ್ಕೆ ಸಿಬಿಟಿ ಎನ್ನುತ್ತಾರೆ. ಬುದ್ಧಿವಾದ ಹೇಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಒಂದು ಪರೀಕ್ಷೆ ಹೋದರೆ ಬದುಕೇ ಹೋಯಿತು’ ಎಂಬ ಯೋಚನೆ ಬಂದಾಗ ಅದನ್ನು ಹಿಡಿದು ನಿಲ್ಲಿಸಿ, ಇದಕ್ಕೆ ಪುರಾವೆ ಏನು ಎಂದು ತಾನೇ ಪರಿಶೀಲಿಸುವುದನ್ನು ಮಗು ಕಲಿಯುತ್ತದೆ. ಜೊತೆಗೆ ದಿನಕ್ಕೊಂದು ಸಣ್ಣ ಕೆಲಸ: ಸಂಜೆ ಹತ್ತು ನಿಮಿಷ ನಡಿಗೆ, ಒಬ್ಬ ಗೆಳೆಯನಿಗೆ ಫೋನ್. ಮನಸ್ಸಾದ ಮೇಲೆ ಮಾಡುವುದಲ್ಲ, ಮಾಡುತ್ತ ಹೋದಂತೆ ಮನಸ್ಸು ಬರುವುದು. ವಾರಕ್ಕೊಂದರಂತೆ ಕೆಲವು ತಿಂಗಳು ಹೋಗಬೇಕು. ಎರಡು ಸಲ ಹೋಗಿ ‘ಬರೀ ಮಾತಾಡಿಸ್ತಾರೆ, ಏನೂ ಪ್ರಯೋಜನವಿಲ್ಲ’ ಎಂದು ಬಿಟ್ಟುಬಿಡುವವರೇ ಹೆಚ್ಚು.

ಮಧ್ಯಮ ಮತ್ತು ತೀವ್ರ ಖಿನ್ನತೆಗೆ ಔಷಧಿ ಬೇಕಾಗುತ್ತದೆ. ಮಕ್ಕಳಲ್ಲಿ ಮೊದಲ ಆಯ್ಕೆ ಫ್ಲುಆಕ್ಸೆಟಿನ್. ಎಂಟು ವರ್ಷ ಮೇಲ್ಪಟ್ಟವರ ಖಿನ್ನತೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು 2003ರಲ್ಲಿ ಒಪ್ಪಿತು. 2009ರಲ್ಲಿ ಹನ್ನೆರಡು ಮೇಲ್ಪಟ್ಟವರಿಗೆ ಎಸ್ಸಿಟಲೋಪ್ರಾಮ್ ಬಂತು. ಎರಡೂ ಭಾರತದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ.

ಯಾವುದು ಮೇಲು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಪ್ರಯೋಗ 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 12ರಿಂದ 17 ವಯಸ್ಸಿನ 439 ಮಂದಿಯನ್ನು ನಾಲ್ಕು ಗುಂಪು ಮಾಡಿ ಹನ್ನೆರಡು ವಾರ ನೋಡಿದರು. ಮಾತ್ರೆ ಮತ್ತು ಸಿಬಿಟಿ ಎರಡೂ ಪಡೆದವರಲ್ಲಿ ಶೇ 71 ಮಂದಿ ಸುಧಾರಿಸಿದರು. ಮಾತ್ರೆ ಮಾತ್ರ ಪಡೆದವರಲ್ಲಿ ಶೇ 61, ಸಿಬಿಟಿ ಮಾತ್ರ ಪಡೆದವರಲ್ಲಿ ಶೇ 43, ಹುಸಿ ಮಾತ್ರೆ ನುಂಗಿದವರಲ್ಲಿ ಶೇ 35. ಎರಡೂ ಸಿಕ್ಕರೆ ಉತ್ತಮ ಎಂಬುದು ಸ್ಪಷ್ಟ. ನಮ್ಮ ತಾಲ್ಲೂಕುಗಳಲ್ಲಿ ಮಾತ್ರೆ ಸಿಗುವಷ್ಟು ಸುಲಭವಾಗಿ ಸಿಬಿಟಿ ಬಲ್ಲವರು ಸಿಗುವುದಿಲ್ಲ ಎಂಬುದೂ ಅಷ್ಟೇ ಸ್ಪಷ್ಟ. ಹಾಗೆಂದು ಮಾತ್ರೆಯನ್ನೂ ಬಿಡುವುದು ಸರಿಯಲ್ಲ.

ಔಷಧಿಯ ಬಗ್ಗೆ ಎರಡು ಸಂಗತಿ ಮನೆಯವರಿಗೆ ಗೊತ್ತಿರಲೇಬೇಕು. ಒಂದು, ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳೆಸುವುದು, ಚಡಪಡಿಕೆ ಇರಬಹುದು. ಈ ಹಂತದಲ್ಲೇ ಬಹಳ ಜನ ‘ಮಾತ್ರೆ ಆಗಿಬರಲಿಲ್ಲ’ ಎಂದು ನಿಲ್ಲಿಸುತ್ತಾರೆ. ಇನ್ನೊಂದು, 2004ರಲ್ಲಿ ಅಮೆರಿಕದ ಅದೇ ಸಂಸ್ಥೆ ಇಂಥ ಔಷಧಿಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಮುದ್ರಿಸಲು ಹೇಳಿತು. ಮಕ್ಕಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಾವಿನ ಯೋಚನೆ ಅಥವಾ ಅಂಥ ವರ್ತನೆ ಔಷಧಿ ಪಡೆದವರಲ್ಲಿ ಶೇ 4, ಹುಸಿ ಮಾತ್ರೆಯವರಲ್ಲಿ ಶೇ 2 ಕಂಡಿತ್ತು. ಆ ಪ್ರಯೋಗಗಳಲ್ಲಿ ಯಾರೂ ಜೀವ ಕಳೆದುಕೊಂಡಿರಲಿಲ್ಲ. ಇದರ ಅರ್ಥ ಮಾತ್ರೆ ಬೇಡ ಎಂದಲ್ಲ. ಮೊದಲ ವಾರಗಳಲ್ಲಿ ಮಗುವಿನ ಮೇಲೆ ಕಣ್ಣಿಡಿ, ವೈದ್ಯರನ್ನು ಬೇಗ ಬೇಗ ಕಾಣಿ, ಮಾತ್ರೆಯ ಪಟ್ಟಿಯನ್ನು ದೊಡ್ಡವರೇ ಇಟ್ಟುಕೊಂಡು ದಿನಕ್ಕೆ ಬೇಕಾದಷ್ಟೇ ಕೊಡಿ ಎಂದು. ಗುಣವಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸುತ್ತ ಬಿಡಬೇಕು. ಚಟ ಹಿಡಿಯುವ ಔಷಧಿ ಇದಲ್ಲ.

ಗುಟ್ಟು ಮತ್ತು ಕಾನೂನು

ಮಗು ಹೇಳಿದ್ದನ್ನೆಲ್ಲ ವೈದ್ಯರು ಅಪ್ಪನಿಗೆ ಒಪ್ಪಿಸುವುದಿಲ್ಲ. ಮಗುವಿನ ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕು. ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ದೂರು ಕೊಡಲೇಬೇಕು. ಇವನ್ನು ಮೊದಲೇ ಮಗುವಿಗೆ ತಿಳಿಸುವುದು ಒಳ್ಳೆಯ ಸಮಾಲೋಚಕರ ಲಕ್ಷಣ.

2017ರ ಮಾನಸಿಕ ಆರೋಗ್ಯ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಅದರಂತೆ 18ರ ಒಳಗಿನವರನ್ನು ದಾಖಲಿಸಬೇಕಾಗಿ ಬಂದರೆ ದೊಡ್ಡವರ ವಾರ್ಡಿನಿಂದ ಬೇರೆ ಇರಿಸಬೇಕು, ಹೆತ್ತವರು ಅಥವಾ ಅವರು ಗೊತ್ತುಮಾಡಿದವರು ಜೊತೆಗಿರಬೇಕು. ಬಹುಪಾಲು ಮಕ್ಕಳಿಗೆ ದಾಖಲಾಗುವ ಅಗತ್ಯವೇ ಬರುವುದಿಲ್ಲ ಎಂಬುದು ಬೇರೆ ಮಾತು. ಬೇರೆ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎನ್ನುವುದೂ ಅದೇ ಕಾಯ್ದೆ.

ಪೊಲೀಸ್ ಕೇಸಾಗುತ್ತದೆಂಬ ಹೆದರಿಕೆಯಿಂದ, ಅಪಾಯ ಮಾಡಿಕೊಂಡ ಮಗುವನ್ನೂ ಆಸ್ಪತ್ರೆಗೆ ಒಯ್ಯಲು ಹಿಂಜರಿಯುವವರಿದ್ದಾರೆ. ಈ ಹೆದರಿಕೆ ಈಗ ಬೇಡ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಆ ಕಾಯ್ದೆ ಭಾವಿಸುತ್ತದೆ, ಶಿಕ್ಷಿಸುವುದಿಲ್ಲ. ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ತಲಪಾಡಿಯ ಈಚೆ, ಆಚೆ

ಕೊಚ್ಚಿ, ತಿರುವನಂತಪುರದ ಅನುಕೂಲ ಕೇರಳದ ಉತ್ತರ ತುದಿಗೆ ಬರುವ ಹೊತ್ತಿಗೆ ತೆಳುವಾಗುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ ಮನೆಗಳು ದೊಡ್ಡ ಕಾಯಿಲೆ ಎಂದರೆ ಮೊದಲಿನಿಂದಲೂ ನೋಡುವುದು ಮಂಗಳೂರಿನ ಕಡೆ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ನಂಟು ಎಷ್ಟು ಅನಿವಾರ್ಯ ಎಂಬುದು ಎರಡೂ ಸರ್ಕಾರಗಳಿಗೆ ತಿಳಿಯಿತು. ಉಕ್ಕಿನಡ್ಕದಲ್ಲಿ ಕಾಸರಗೋಡು ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಬಿದ್ದಿದ್ದರೂ ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ.

ಮೂಳೆ ಮುರಿದರೆ ಭಾಷೆ ಬಾರದ ವೈದ್ಯರೂ ಕಟ್ಟು ಹಾಕಬಲ್ಲರು. ಮನಸ್ಸಿನ ಚಿಕಿತ್ಸೆಯಲ್ಲಿ ಮಾತೇ ಅರ್ಧ ಔಷಧಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಹುಡುಗಿಯ ಎದುರು ಮಲಯಾಳ ಮಾತ್ರ ಬಲ್ಲ ಸಮಾಲೋಚಕರು ಕುಳಿತರೆ ಅವಳು ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಎದ್ದುಬಂದಾಳು. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಕಾಸರಗೋಡಿನವರು ಹೋರಾಡಿದ್ದಾರೆ. ಕನ್ನಡ ಬಲ್ಲ ಸಮಾಲೋಚಕರ ಬೇಡಿಕೆಯೂ ಅದರ ಜೊತೆ ಸೇರಬೇಕು. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಓದುವ ಮಲಯಾಳಿ ಮಕ್ಕಳ ವಿಷಯದಲ್ಲಿ ಕರ್ನಾಟಕಕ್ಕೂ ಇದೇ ಹೊಣೆಯಿದೆ.

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿರುವುದು ಫೋನು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ಗೆ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. 14416ಕ್ಕೆ ಕರೆ ಮಾಡಿ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ. ಮೊದಲು ಸಮಾಲೋಚಕರು ಮಾತಾಡುತ್ತಾರೆ, ಬೇಕಿದ್ದರೆ ಮೇಲಿನವರಿಗೆ ದಾಟಿಸುತ್ತಾರೆ. ಕೇರಳದೊಳಗೆ ಆರೋಗ್ಯ ಇಲಾಖೆಯ ‘ದಿಶ’ 1056, ಮಕ್ಕಳಿಗಾಗಿ ಪೊಲೀಸರ ‘ಚಿರಿ’ 9497900200. ಕೊಚ್ಚಿಯಲ್ಲಿ ‘ಮೈತ್ರಿ’ ಎಂಬ ಸ್ವಯಂಸೇವಕರ ಬಳಗ ಮೂರು ದಶಕಗಳಿಂದ ನೊಂದವರ ಮಾತಿಗೆ ಕಿವಿಗೊಡುತ್ತ ಬಂದಿದೆ: 0484-2540530. ಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ದೇಶದೆಲ್ಲೆಡೆ 1098. ಮಗುವೇ ಮಾತಾಡಬೇಕೆಂದಿಲ್ಲ. ‘ನನ್ನ ಮಗ ಹೀಗಿದ್ದಾನೆ, ಏನು ಮಾಡಲಿ’ ಎಂದು ತಾಯಿ ಕೇಳಿದರೂ ಆಗುತ್ತದೆ.

ಕಾಯಬಾರದ ಸಂದರ್ಭಗಳೂ ಇವೆ. ಸಾಯುವ ಮಾತು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಎಲ್ಲರಿಗೂ ವಿದಾಯ ಹೇಳುವಂಥ ಸಂದೇಶ, ಮೈಮೇಲೆ ಗಾಯದ ಗುರುತು, ಬಹಳ ದಿನದ ಚಡಪಡಿಕೆಯ ನಂತರ ಇದ್ದಕ್ಕಿದ್ದಂತೆ ಬಂದ ಶಾಂತಿ, ಇವುಗಳಲ್ಲಿ ಯಾವುದು ಕಂಡರೂ ಬೈಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ತೋಟದ ಔಷಧಿಗಳಿಗೆ ಬೀಗ ಹಾಕಿ. ಅದೇ ದಿನ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಪರೀಕ್ಷೆ ನಾಳೆಯೇ ಇದ್ದರೂ ಸರಿ. ಪರೀಕ್ಷೆಗೆ ಪೂರಕ ಎಂಬುದಿದೆ, ಅದನ್ನು ಆಮೇಲೆ ಬರೆಯಬಹುದು.